ಕಾಣದ ಮಾಲಿನ ಕ್ರಯ: ವಿದ್ಯುನ್ಮಾನ ಪೇಟೆಯ ರಚನಾವಿಮರ್ಶೆ

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳು ತೊಗರಿಯ ಸೀಮೆ. ಅವುಗಳಲ್ಲಿ ಇಂಡಿಯು ಲಿಂಬೆಗೂ ಪ್ರಸಿದ್ಧವಾದುದು. ಇಂತಹ ಮಾಲಿಗೆ ದೂರದ ಖರೀದಿದಾರನನ್ನು ದೊರಕಿಸಬೇಕೆಂದು ಕರ್ನಾಟಕ ಸರಕಾರವು 2014ರಲ್ಲಿ ರಾಷ್ಟ್ರೀಯ ಇ-ಮಾರ್ಕೆಟ್ ಸರ್ವಿಸಸ್ ಎಂಬ ಸಂಸ್ಥೆಯ ಮೂಲಕ ಏಕೀಕೃತ ಮಾರುಕಟ್ಟೆ ವೇದಿಕೆಯನ್ನು ಆರಂಭಿಸಿತು. 2016ರ ಏಪ್ರಿಲ್ 14ರಂದು ಕೇಂದ್ರ ಸರಕಾರದ ಇ-ನಾಮ್ ಉದಯಿಸಿತು. 2020ರಲ್ಲಿ ಅದಕ್ಕೆ ಸೇರಿದ ಪೇಟೆಗಳು 1000ಕ್ಕೆ ಏರಿದುವು. ಈ ಸಂಖ್ಯೆಯೇ ವ್ಯವಸ್ಥೆಯ ಬೆಳವಣಿಗೆಗೆ ಪ್ರಮಾಣವಾಗಬಲ್ಲುದೇ ಎಂಬುದು ಇಲ್ಲಿ ವಿಚಾರಣೀಯವು.

ರಚನೆಯ ಗುಣವನ್ನು ಮೊದಲು ಹೇಳುವುದು ನ್ಯಾಯ. ಮಾಲು ಪ್ರಾಂಗಣದ ಬಾಗಿಲಿಗೆ ಬಂದೊಡನೆ ಅದಕ್ಕೊಂದು ಲಾಟ್ ಸಂಖ್ಯೆ ದೊರೆಯುವುದು. ಖರೀದಿದಾರರು ಒಬ್ಬರ ದರವನ್ನು ಇನ್ನೊಬ್ಬರು ಅರಿಯದಂತೆ ಗಣಕಯಂತ್ರದಲ್ಲಿ ನಮೂದಿಸುವರು. ಅವಧಿ ತೀರಿದ ಮೇಲೆ ಅತ್ಯಧಿಕ ದರವು ಪ್ರಕಟವಾಗುವುದು. ಒಪ್ಪುವುದೂ ಬಿಡುವುದೂ ರೈತನ ಇಚ್ಛೆ. ಬಳಿಕ ತೂಕ, ಪಟ್ಟಿ, ಹಣಪಾವತಿ. ಕೂಗಿನ ಲಿಲಾವಿಗಿಂತ ಈ ಕ್ರಮವು ನಿಷ್ಪಕ್ಷಪಾತವೆಂಬುದರಲ್ಲಿ ಸಂದೇಹವಿಲ್ಲ.

ಇನ್ನು ವಿಸ್ತಾರಕ್ಷಮತೆ, ಅಂದರೆ ಭಾರವು ಹೆಚ್ಚಿದರೂ ಕುಸಿಯದೆ ಬೆಳೆಯುವ ಶಕ್ತಿ. ತೊಗರಿಯ ರಾಶಿಯ ಕಾಲದಲ್ಲಿ ಲಾಟುಗಳು ಒಮ್ಮೆಲೇ ಮುತ್ತುವುವು. ದರಗಳು ಕಡೆಯ ನಿಮಿಷಗಳಲ್ಲಿ ನುಗ್ಗುವುವು. ಆಗಲೂ ಒಂದೇ ಲಾಟು ಇಬ್ಬರಿಗೆ ಸಲ್ಲಬಾರದು. ಎರಡು ಸಲ ತಲುಪಿದ ಒಂದು ದರವು ಒಂದೇ ಎಂದು ಎಣಿಸಲ್ಪಡಬೇಕು. ಲೆಕ್ಕದ ವಿಭಾಗವು ನಿಂತರೂ ತೂಕವು ನಿಲ್ಲಬಾರದು. ಇವೆಲ್ಲ ಕಠಿಣವಾದರೂ ಸಾಧ್ಯವಾದುವು. ಯಂತ್ರಗಳನ್ನು ಹೆಚ್ಚಿಸಿ, ವಿಭಾಗಗಳನ್ನು ಪರಸ್ಪರ ಸ್ವತಂತ್ರವಾಗಿರಿಸಿದರೆ ಸಿದ್ಧಿಸುವುವು.

ಸಿದ್ಧಿಸಲು ಕಷ್ಟವಾದುದು ಬೇರೊಂದುಂಟು. ನೈಯಾಯಿಕರು ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದವೆಂದು ನಾಲ್ಕು ಪ್ರಮಾಣಗಳನ್ನು ಹೇಳುವರು. ಪೇಟೆಯಲ್ಲಿ ನಿಂತ ವ್ಯಾಪಾರಿಗೆ ಪ್ರತ್ಯಕ್ಷವುಂಟು: ರಾಶಿಯೊಳಗೆ ಕೈಯಿಡುವನು, ಕಾಳನ್ನು ಕಚ್ಚಿ ನೋಡುವನು. ದೂರದವನಿಗೆ ಪರದೆಯ ಮೇಲಿನ ಶಬ್ದವೊಂದೇ ಗತಿ. ಶಬ್ದವಾದರೋ ಆಪ್ತನ ವಾಕ್ಯವಾದಾಗಲೇ ಪ್ರಮಾಣವು. ತೇವಾಂಶವೆಷ್ಟು, ಕಸವೆಷ್ಟು, ಹುಳ ಹತ್ತಿದ ಕಾಳೆಷ್ಟು ಎಂದು ಪರೀಕ್ಷಿಸಿ ಹೇಳುವ ಆಪ್ತನಿಲ್ಲದಿದ್ದರೆ ದೂರದವನು ದರವನ್ನೇ ಹಾಕನು. ಹಾಕಿದರೂ ತನ್ನ ಸಂದೇಹದ ಬೆಲೆಯನ್ನು ಕಳೆದು ಹಾಕುವನು. ಆ ನಷ್ಟವು ರೈತನದು. ಊರಿನ ವ್ಯಾಪಾರಿಗಳೇ ಯಂತ್ರದ ಮುಂದೆ ಕುಳಿತಲ್ಲಿ ಸಾಧನವು ಹೊಸದು, ಪೇಟೆಯು ಹಳೆಯದು.

ಚಿತ್ರವನ್ನು ತೋರಿಸಿದರೆ ಸಾಲದೇ ಎಂದು ಶಂಕಿಸಬಹುದು. ಸಾಲದು, ಚಿತ್ರವು ಬಣ್ಣವನ್ನು ಹೇಳುವುದು, ತೇವವನ್ನು ಹೇಳದು. ಬೇಗ ಬಾಡುವ ಲಿಂಬೆಯಾದರೋ ದೀರ್ಘಪರೀಕ್ಷೆಗೆ ಕಾಯಲಾರದು. ಅದಕ್ಕೆ ಗಾತ್ರ, ಬಣ್ಣಗಳಿಂದ ಅಲ್ಲಿಯೇ ವರ್ಗೀಕರಿಸುವ ಬೇರೆ ಕ್ರಮವೇ ಬೇಕು. ತೊಗರಿಗೆ ಹೊಲಿದ ಅಂಗಿಯು ಲಿಂಬೆಗೆ ಒಪ್ಪದು.

ಆದುದರಿಂದ ಪರೀಕ್ಷಕನನ್ನೂ ಪರೀಕ್ಷಾಲಯವನ್ನೂ ರಚನೆಯ ಹೊರಗಿನ ಅಲಂಕಾರವೆಂದೆಣಿಸದೆ ಅದರ ಮೂಲಾಂಗವೆಂದೇ ಗಣಿಸತಕ್ಕದ್ದು. ಪರೀಕ್ಷೆಯು ತಪ್ಪಿದರೆ ಹೊಣೆ ಯಾರದೆಂಬುದೂ ಮೊದಲೇ ನಿರ್ಣಯವಾಗಿರಬೇಕು. ಜೋಡಿಸಿದ ಪೇಟೆಗಳೆಷ್ಟು ಎಂಬುದು ವಿಸ್ತಾರದ ಅಳತೆಯಲ್ಲ; ಕಣ್ಣಾರೆ ಕಾಣದೆಯೇ ನಂಬಿ ಕೊಂಡ ಚೀಲಗಳೆಷ್ಟು ಎಂಬುದೇ ಅಳತೆಯೆಂದು ಸಿದ್ಧಾಂತವು.