ಹೆಲ್ಮೆಟ್ ತೆಗೆಯದ ನಾಯಕ

‘ಡ್ರೆಡ್’ ಚಿತ್ರದುದ್ದಕ್ಕೂ ನಾಯಕ ನಟ ಕಾರ್ಲ್ ಅರ್ಬನ್ ಮುಖದಲ್ಲಿ ನಮಗೆ ಕಾಣಸಿಗುವುದು ತುಟಿ ಮತ್ತು ಗದ್ದ ಮಾತ್ರ. ಕಣ್ಣು, ಹುಬ್ಬು, ಹಣೆ ಯಾವುದೂ ಇಲ್ಲ. ಆರಂಭದಲ್ಲಿ ಅವನು ಹೆಲ್ಮೆಟ್ ತಲೆಗೇರಿಸುವ ಒಂದು ಕ್ಷಣವಿದೆ. ಅಲ್ಲೂ ಮುಖ ನೆರಳಿನಲ್ಲಿದೆ. ಆಮೇಲೆ 95 ನಿಮಿಷದ ಚಿತ್ರ ಮುಗಿಯುವವರೆಗೂ ಅದು ಇಳಿಯುವುದಿಲ್ಲ. ಹಾಡು, ಹೊಡೆದಾಟ, ಕಣ್ಣೀರು ಎಲ್ಲದರಲ್ಲೂ ನಾಯಕನ ಮುಖವನ್ನೇ ನೋಡುತ್ತಾ ಬೆಳೆದ ನಮ್ಮಂಥ ಪ್ರೇಕ್ಷಕರಿಗೆ ಇದು ವಿಚಿತ್ರ ಅನ್ನಿಸಬೇಕು. ಆದರೂ 2012ರಲ್ಲಿ ತೆರೆಕಂಡು, ಗಲ್ಲಾಪೆಟ್ಟಿಗೆಯಲ್ಲಿ ಮಕಾಡೆ ಮಲಗಿದ ಈ ಚಿತ್ರಕ್ಕೆ ಇಂದಿಗೂ ಚದುರದ ಅಭಿಮಾನಿ ಬಳಗವಿದೆ. ನಾನೂ ಆ ಬಳಗದವನೇ. ಈ ನಿಷ್ಠೆ ಎಲ್ಲಿಂದ ಬಂತು ಎಂದು ಯಾರಾದರೂ ಕೇಳಿದರೆ ನಾನು ಮೊದಲು ಬೊಟ್ಟು ಮಾಡುವುದು ಆ ಹೆಲ್ಮೆಟ್ ಕಡೆಗೇ.

ಜಡ್ಜ್ ಡ್ರೆಡ್ ಹುಟ್ಟಿದ್ದು 1977ರ ಮಾರ್ಚ್‌ನಲ್ಲಿ, ಬ್ರಿಟನ್ನಿನ ‘2000 ಎಡಿ’ ಎಂಬ ಕಾಮಿಕ್ಸ್ ವಾರಪತ್ರಿಕೆಯ ಎರಡನೆಯ ಸಂಚಿಕೆಯಲ್ಲಿ. ಪಾತ್ರವನ್ನು ಕಲ್ಪಿಸಿದವರು ಬರಹಗಾರ ಜಾನ್ ವ್ಯಾಗ್ನರ್, ರೂಪ ಕೊಟ್ಟವರು ಸ್ಪೇನಿನ ಚಿತ್ರಕಾರ ಕಾರ್ಲೋಸ್ ಎಜ್ಕೆರಾ. ಯುದ್ಧದಿಂದ ಬಹುಪಾಲು ಬರಡಾದ ಅಮೆರಿಕದ ಪೂರ್ವ ಕರಾವಳಿಯಲ್ಲಿ ಒಂದೇ ಒಂದು ದೈತ್ಯ ನಗರ, ಮೆಗಾ ಸಿಟಿ ಒನ್. ಅಲ್ಲಿ ಪೊಲೀಸ್, ನ್ಯಾಯಾಧೀಶ, ಶಿಕ್ಷೆ ಜಾರಿ ಮಾಡುವವ ಮೂವರೂ ಒಬ್ಬನೇ. ಹಿಡಿದ ಜಾಗದಲ್ಲೇ ವಿಚಾರಣೆ, ಅಲ್ಲೇ ತೀರ್ಪು, ಬೇಕಾದರೆ ಅಲ್ಲೇ ಮರಣದಂಡನೆ. ಅಂಥ ಅಧಿಕಾರಕ್ಕೆ ಒಂದು ಮುಖ ಕೊಟ್ಟರೆ ಓದುಗರು ಅದನ್ನು ಪ್ರೀತಿಸಿಬಿಡುತ್ತಾರೆ. ಕಾಮಿಕ್ಸ್‌ನ ಜನ ಅದಕ್ಕೆ ಅವಕಾಶವನ್ನೇ ಕೊಡಲಿಲ್ಲ. 1995ರಲ್ಲಿ ಹಾಲಿವುಡ್ ಈ ಕಥೆಯನ್ನು ಕೈಗೆತ್ತಿಕೊಂಡಾಗ ನಾಯಕ ಸಿಲ್ವೆಸ್ಟರ್ ಸ್ಟಲೋನ್. ಅಷ್ಟು ದೊಡ್ಡ ತಾರೆಯ ಮುಖ ಮುಚ್ಚಿಡುವುದುಂಟೇ? ಹೆಲ್ಮೆಟ್ ಬೇಗನೆ ಹೊರಬಿತ್ತು. ಅದರ ಜೊತೆಗೆ ಕಥೆಯ ಬೆನ್ನೆಲುಬೂ ಹೋಯಿತು. ಕಾಮಿಕ್ಸ್ ಓದುಗರು ಆ ಚಿತ್ರವನ್ನು ಕ್ಷಮಿಸಲೇ ಇಲ್ಲ.

ಹೊಸ ಚಿತ್ರಕ್ಕೆ ಚಿತ್ರಕಥೆ ಬರೆದವರು ಅಲೆಕ್ಸ್ ಗಾರ್ಲೆಂಡ್. ಅವರು ಸಲಹೆಗೆ ಜಾನ್ ವ್ಯಾಗ್ನರ್ ಅವರನ್ನೇ ಹುಡುಕಿಕೊಂಡು ಹೋದರು. ನಿರ್ದೇಶಕ ಎಂದು ತೆರೆಯ ಮೇಲೆ ಪೀಟ್ ಟ್ರಾವಿಸ್ ಹೆಸರಿದೆ. ನಿಜವಾಗಿ ನಿರ್ದೇಶಿಸಿದ್ದು ಗಾರ್ಲೆಂಡ್ ಎಂದು ಕಾರ್ಲ್ ಅರ್ಬನ್ 2018ರಲ್ಲಿ ಬಹಿರಂಗವಾಗಿಯೇ ಹೇಳಿದರು. ಮುಂದೆ ಗಾರ್ಲೆಂಡ್ ನಿರ್ದೇಶಿಸಿದ ‘ಎಕ್ಸ್ ಮಾಕಿನಾ’, ‘ಅನೈಹಿಲೇಷನ್’ ನೋಡಿದವರಿಗೆ ಆ ಮಾತು ನಂಬಲು ಕಷ್ಟವಾಗದು. ಅರ್ಬನ್ ಸ್ವತಃ ಹರೆಯದಿಂದ ಡ್ರೆಡ್ ಓದಿಕೊಂಡು ಬಂದವರು. ಹೆಲ್ಮೆಟ್ ತೆಗೆಯುವುದಿಲ್ಲ ಎಂದರೆ ಮಾತ್ರ ಈ ಪಾತ್ರ ಎಂಬುದು ಅವರದ್ದೇ ನಿಲುವು. ಕಣ್ಣು ಕಳೆದುಕೊಂಡ ನಟನ ಬಳಿ ಉಳಿಯುವುದು ಏನು? ಕೆಳಕ್ಕೆ ಬಾಗಿದ ತುಟಿಯ ಗೆರೆ, ತಗ್ಗಿದ ದನಿ, ಭುಜ ತಿರುಗಿಸುವ ರೀತಿ, ಒಂದು ಪ್ರಶ್ನೆ ಕೇಳಿದ ಮೇಲೆ ಉತ್ತರ ಕೊಡುವ ಮೊದಲಿನ ತಡ. ಗಮನವಿಟ್ಟು ನೋಡಿ: ಚಿತ್ರದ ಮೊದಲ ಭಾಗದ ಡ್ರೆಡ್‌ಗೂ ಹೊಟ್ಟೆಗೆ ಗುಂಡು ಬಿದ್ದ ಮೇಲಿನ ಡ್ರೆಡ್‌ಗೂ ಉಸಿರಿನಲ್ಲೇ ವ್ಯತ್ಯಾಸವಿದೆ. ಈಚಿನ ಆ್ಯಕ್ಷನ್ ಚಿತ್ರಗಳಲ್ಲಿ ಇಷ್ಟು ಕಡಿಮೆ ಬಂಡವಾಳದಲ್ಲಿ ಇಷ್ಟು ದುಡಿದ ಅಭಿನಯವನ್ನು ನಾನು ಕಂಡಿಲ್ಲ.

ಕಥೆ ಒಂದೇ ದಿನದ್ದು, ಬಹುಪಾಲು ಒಂದೇ ಕಟ್ಟಡದ್ದು. ಎಂಬತ್ತು ಕೋಟಿ ಜನರ ನಗರದಲ್ಲಿ ಪೀಚ್ ಟ್ರೀಸ್ ಎಂಬ 200 ಮಹಡಿಯ ಕೊಳೆಗೇರಿ. ಮಾ-ಮಾ ಎಂಬ ಹೆಂಗಸಿನ ಕೈಯಲ್ಲಿ ಇಡೀ ಕಟ್ಟಡ. ಡ್ರೆಡ್, ಅವನ ಜೊತೆ ಪರೀಕ್ಷೆಗೆ ಬಂದ ಹೊಸಬಳು ಆ್ಯಂಡರ್ಸನ್, ಕೊಲೆಯೊಂದರ ತನಿಖೆಗೆ ಒಳಹೊಕ್ಕು ಒಬ್ಬ ಆರೋಪಿಯನ್ನು ಹಿಡಿಯುತ್ತಾರೆ. ಮಾ-ಮಾ ಬಾಗಿಲುಗಳನ್ನೆಲ್ಲ ಮುಚ್ಚಿಸಿ, ಇಬ್ಬರನ್ನೂ ಮುಗಿಸಿರೆಂದು ಧ್ವನಿವರ್ಧಕದಲ್ಲಿ ಅಪ್ಪಣೆ ಕೊಡುತ್ತಾಳೆ. ಅಷ್ಟೇ. ಇಂಡೊನೇಷ್ಯಾದಲ್ಲಿ ಗ್ಯಾರೆತ್ ಇವಾನ್ಸ್ ಮಾಡಿದ ‘ದಿ ರೇಡ್’ ಇದೇ ಹಂದರದ್ದು, ಜನರ ಮುಂದೆ ಮೊದಲು ಬಂದದ್ದೂ ಅದೇ. ನಕಲು ಎಂಬ ಮಾತು ಬಂತು. ದಕ್ಷಿಣ ಆಫ್ರಿಕಾದಲ್ಲಿ ‘ಡ್ರೆಡ್’ ಚಿತ್ರೀಕರಣ ಶುರುವಾದದ್ದು 2010ರಲ್ಲೇ ಎಂದ ಮೇಲೆ ಆ ಮಾತಿಗೆ ಅರ್ಥವಿಲ್ಲ.

ಅದೇ 2012ರಲ್ಲಿ ‘ದಿ ಅವೆಂಜರ್ಸ್’ ಬಂತು. ನ್ಯೂಯಾರ್ಕ್ ಆಕಾಶಕ್ಕೇ ತೂತು ಬಿದ್ದು, ಇಡೀ ಲೋಕ ಅಪಾಯದಲ್ಲಿತ್ತು. ಡ್ರೆಡ್‌ಗೆ ಲೋಕ ಉಳಿಸುವ ಕೆಲಸವಿಲ್ಲ. ನಗರದಲ್ಲಿ ದಿನಕ್ಕೆ ಹದಿನೇಳು ಸಾವಿರ ಗಂಭೀರ ಅಪರಾಧ ನಡೆಯುತ್ತವೆ, ಅದರಲ್ಲಿ ಶೇ 6ರಷ್ಟನ್ನು ಮಾತ್ರ ನಾವು ವಿಚಾರಿಸಬಲ್ಲೆವು ಎಂದು ಅವನೇ ಹೊಸಬಳಿಗೆ ಲೆಕ್ಕ ಕೊಡುತ್ತಾನೆ. ಈ ಕಟ್ಟಡ ಶುದ್ಧವಾದರೂ ನಗರ ಹಾಗೇ ಇರುತ್ತದೆ. ಎಲ್ಲ ಮುಗಿದ ಮೇಲೆ ಮೇಲಧಿಕಾರಿ ಏನಾಯಿತೆಂದು ಕೇಳಿದರೆ, ಮಾಮೂಲಿ ಡ್ರಗ್ಸ್ ದಾಳಿಯೊಂದರ ವರದಿ ಒಪ್ಪಿಸುವ ಹಾಗೆ ಕೆಲವೇ ಪದದಲ್ಲಿ ಮುಗಿಸುತ್ತಾನೆ. ದೊಡ್ಡ ಲೋಕವೊಂದನ್ನು ಕಲ್ಪಿಸಿಕೊಂಡು ಅದರಲ್ಲಿ ಒಂದು ಕೆಟ್ಟ ದಿನವನ್ನಷ್ಟೇ ತೋರಿಸುವ ಈ ಸಂಯಮ ನೋಡುಗನನ್ನು ಗೌರವಿಸುತ್ತದೆ. ಉಳಿದದ್ದನ್ನು ನಾವು ಊಹಿಸಿಕೊಳ್ಳುತ್ತೇವೆ. ಊಹಿಸಿಕೊಂಡದ್ದರ ಮೇಲೆ ನಮಗೆ ಒಂದು ಹಕ್ಕು ಬಂದ ಹಾಗಾಗುತ್ತದೆ.

ಈಗ ಚೆಲುವಿನ ಮಾತು. ಇದು ಕೊಳಕು ಕಾಂಕ್ರೀಟಿನ, ಕಂದು ಬೆಳಕಿನ ಚಿತ್ರ. ಹೊರಾಂಗಣದಲ್ಲಿ ಜೊಹಾನ್ಸ್‌ಬರ್ಗ್ ನಗರದ ಮೇಲೆ ಕಂಪ್ಯೂಟರಿನಿಂದ ಎದ್ದ ಗೋಪುರಗಳು, ಒಳಗೆ ಕೇಪ್‌ಟೌನ್‌ನ ಸ್ಟುಡಿಯೊದಲ್ಲಿ ಕಟ್ಟಿದ ಪಡಸಾಲೆಗಳು. ಜಡ್ಜ್‌ಗಳ ಉಡುಪೂ ಕಾಮಿಕ್ಸ್‌ನ ಹೊಳಪು ಕಳೆದುಕೊಂಡು ಗುಂಡು ತಡೆಯುವ ಕವಚದಂತಾಗಿದೆ. ಈ ಮಂಕಿನ ನಡುವೆ ‘ಸ್ಲೋ-ಮೋ’ ಎಂಬ ಮಾದಕ ವಸ್ತು ಬರುತ್ತದೆ. ಆಸ್ತಮಾದವರು ಬಳಸುವಂಥ ಇನ್‌ಹೇಲರ್‌ನಿಂದ ಒಮ್ಮೆ ಸೇದಿದರೆ ಕಾಲ ನೂರರಲ್ಲಿ ಒಂದು ಪಾಲು ವೇಗದಲ್ಲಿ ಸಾಗಿದಂತೆ ಮಿದುಳಿಗೆ ಅನ್ನಿಸುತ್ತದೆ. ಯಾರೋ ಅದನ್ನು ಸೇದಿದ ಕೂಡಲೇ ತೆರೆಯ ಮೇಲೆ ಬಣ್ಣ ಉಕ್ಕುತ್ತದೆ, ಬೆಳಕು ಮಿನುಗುತ್ತದೆ. ಸ್ನಾನದ ತೊಟ್ಟಿಯಲ್ಲಿ ಕುಳಿತ ಮಾ-ಮಾ ನೀರಿನಿಂದ ಕೈ ಎತ್ತಿದಾಗ ಹನಿಗಳು ಬೀಳಲು ಮರೆತಂತೆ ಗಾಳಿಯಲ್ಲೇ ತೂಗುತ್ತವೆ. ಅದೇ ಬೆಳಕಿನಲ್ಲಿ ಗುಂಡೊಂದು ಒಬ್ಬನ ಕೆನ್ನೆ ಸೀಳಿಕೊಂಡು ಹೋಗುತ್ತದೆ, ಅದೂ ಅಷ್ಟೇ ಸುಂದರವಾಗಿ. ನೋಡುತ್ತಾ ಸುಖಪಟ್ಟ ಮರುಕ್ಷಣ ಮೈ ಮುದುಡುತ್ತದೆ.

ಇದನ್ನು ಸೆರೆಹಿಡಿದವರು ಛಾಯಾಗ್ರಾಹಕ ಆಂಟನಿ ಡಾಡ್ ಮ್ಯಾಂಟಲ್. ಮುಂಬೈಯ ಧಾರಾವಿಯ ಸಂದಿಗಳಲ್ಲಿ ಚಿಕ್ಕ ಡಿಜಿಟಲ್ ಕ್ಯಾಮೆರಾ ಹಿಡಿದು ಓಡಿ ‘ಸ್ಲಮ್‌ಡಾಗ್ ಮಿಲಿಯನೇರ್’ ಚಿತ್ರಿಸಿ ಆಸ್ಕರ್ ಪಡೆದವರು ಇವರೇ. ಗಾರ್ಲೆಂಡ್ ಬರೆದ ‘28 ಡೇಸ್ ಲೇಟರ್’ಗೂ ಕ್ಯಾಮೆರಾ ಇವರದ್ದೇ ಆಗಿತ್ತು. ಬಡವರ ಗೋಡೆಗಳಲ್ಲಿ ಬಣ್ಣ ಹುಡುಕುವ ಕಣ್ಣು ಆ ಮನುಷ್ಯನದ್ದು. ಇಲ್ಲಿ ಅವರು ಸೆಕೆಂಡಿಗೆ ಸಾವಿರಾರು ಫ್ರೇಮ್ ಹಿಡಿಯುವ ಫ್ಯಾಂಟಮ್ ಫ್ಲೆಕ್ಸ್ ಕ್ಯಾಮೆರಾ ಬಳಸಿದರು. ಸಂಗೀತ ಪಾಲ್ ಲೆನರ್ಡ್-ಮಾರ್ಗನ್ ಅವರದ್ದು. ಬಡಿತದ ಮೇಲೆ ಬಡಿತ ಹಾಕುತ್ತಾ ಓಡುವ ಆ ಒರಟು ಎಲೆಕ್ಟ್ರಾನಿಕ್ ಸದ್ದು, ಸ್ಲೋ-ಮೋ ಬಂದಾಗ ಮಾತ್ರ ಜಗ್ಗಿ ಜಗ್ಗಿ ಮಂದ್ರದ ಗುಂಯ್‌ಗಾರವಾಗುತ್ತದೆ.

ನಮ್ಮ ಸಿನಿಮಾಗಳಲ್ಲಿ ಸ್ಲೋ ಮೋಷನ್ ನಾಯಕನ ಸೊತ್ತು. ಅವನ ಎಂಟ್ರಿಗೆ, ಬಿಲ್ಡಪ್ ಶಾಟಿಗೆ, ಧೂಳೆಬ್ಬಿಸಿ ನಡೆದು ಬರುವುದಕ್ಕೆ. ಹಾಲಿವುಡ್‌ನಲ್ಲೂ ‘ಮೇಟ್ರಿಕ್ಸ್’ ನಂತರ ಕಂಡಕಂಡಲ್ಲಿ ಕಾಲ ನಿಧಾನವಾಯಿತು. ‘ಡ್ರೆಡ್’ನಲ್ಲಿ ನಿಧಾನಗತಿ ಅಮಲಿನಲ್ಲಿರುವವರ ಪಾಲಿನದು, ಸಾಯುವವರ ಪಾಲಿನದು. ಡ್ರೆಡ್‌ಗೆ ಜಗತ್ತು ಯಾವಾಗಲೂ ಇದ್ದ ವೇಗದಲ್ಲೇ ಇದೆ. ಅಲಂಕಾರ ಎನ್ನಿಸಬಹುದಾಗಿದ್ದ ತಂತ್ರವನ್ನು ಹೀಗೆ ಕಥೆಯ ಒಳಗೇ ಹೆಣೆದದ್ದರಿಂದ ಅದು ಹಳತಾಗಿಲ್ಲ. ಶೈಲಿ ಎಂಬುದಕ್ಕೆ ಕಾರಣ ಬೇಕು. ಕಾರಣ ಸಿಕ್ಕ ಶೈಲಿಯನ್ನು ಹತ್ತನೆಯ ಸಲ ನೋಡಿದರೂ ಬೇಸರ ಬಾರದು.

ಆರಂಭದಲ್ಲಿ ಮಾ-ಮಾ ತನ್ನ ಎದುರಾಳಿಗಳಿಗೆ ಸ್ಲೋ-ಮೋ ಸೇದಿಸಿ ಮೇಲಿನ ಮಹಡಿಯಿಂದ ಕೆಳಗೆ ಎಸೆಸುತ್ತಾಳೆ. ಬೀಳುವ ಕೆಲವೇ ಕ್ಷಣ ಅವರಿಗೆ ಮುಗಿಯದಷ್ಟು ಉದ್ದವಾಗಲಿ ಎಂದು. ಕೊನೆಗೆ ಡ್ರೆಡ್ ಅವಳಿಗೆ ಕೊಡುವ ಶಿಕ್ಷೆಯೂ ಅದೇ. ಮದ್ದು ಸೇದಿಸಿ, ಕಿಟಕಿಯಿಂದ ಕೆಳಕ್ಕೆ. (ಕೊನೆ ಗೊತ್ತಾಯಿತೆಂದು ಬಿಡಬೇಡಿ, ಈ ಚಿತ್ರದ ಸುಖ ಕೊನೆಯಲ್ಲಿಲ್ಲ.) ಗೂಂಡಾಗಿರಿಯೂ ಕಾನೂನೂ ಒಂದೇ ಬೆಳಕಿನಲ್ಲಿ, ಒಂದೇ ವೇಗದಲ್ಲಿ, ಒಂದೇ ಹಾಳು ಸೌಂದರ್ಯದಲ್ಲಿ ಕಾಣುತ್ತವೆ. ಯಾವ ಪಾತ್ರವೂ ಅದರ ಬಗ್ಗೆ ಭಾಷಣ ಮಾಡುವುದಿಲ್ಲ. ಲೀನಾ ಹೆಡಿ ಮಾಡಿದ ಮಾ-ಮಾ ಕೂಗಾಡುವ ಖಳನಾಯಕಿಯೂ ಅಲ್ಲ. ಗಾಯದ ಗುರುತಿನ ಮುಖ, ಸೋತ ಕಣ್ಣು, ಎಲ್ಲದರಲ್ಲೂ ರುಚಿ ಕೆಟ್ಟವಳ ನಿರಾಸಕ್ತಿ. ಪಂಕ್ ಗಾಯಕಿ ಪ್ಯಾಟಿ ಸ್ಮಿತ್ ಅವರನ್ನು ಮನಸ್ಸಿನಲ್ಲಿಟ್ಟುಕೊಂಡು ಪಾತ್ರ ಕಟ್ಟಿದೆ ಎಂದು ಹೆಡಿ ಹೇಳಿದ್ದಾರೆ.

ಮುಖವಿಲ್ಲದ ನಾಯಕನ ಪಕ್ಕದಲ್ಲಿ ಮುಖವಿರುವ ಆ್ಯಂಡರ್ಸನ್ ಇರುವುದು ಬರಹಗಾರನ ಜಾಣ್ಮೆ. ಒಲಿವಿಯಾ ಥರ್ಲ್‌ಬಿ ಮಾಡಿದ ಈ ಹುಡುಗಿ ಪರರ ಮನಸ್ಸು ಓದಬಲ್ಲವಳು. ಹೆಲ್ಮೆಟ್ ಹಾಕಿದರೆ ಆ ಶಕ್ತಿಗೆ ಅಡ್ಡಿ, ಆದ್ದರಿಂದ ಹಾಕುವುದಿಲ್ಲ. ಕಾನೂನಿನಂತೆ ಅವಳು ಒಬ್ಬನಿಗೆ ಮರಣದಂಡನೆ ಕೊಡುತ್ತಾಳೆ. ಸ್ವಲ್ಪ ಹೊತ್ತಿನ ಮೇಲೆ ಆಸರೆ ಕೊಟ್ಟ ಮನೆಯಲ್ಲಿ ಒಂದು ಫೋಟೊ ಕಾಣುತ್ತದೆ: ಆಸರೆ ಕೊಟ್ಟವಳ ಗಂಡ ಅವನೇ. ಅಲ್ಲಿಂದ ಅವಳು ಬದಲಾಗುತ್ತಾಳೆ. ಮಾ-ಮಾಳ ಹಿಂಸೆಗೆ ಸಿಕ್ಕಿ ಕೆಲಸ ಮಾಡುತ್ತಿದ್ದ ಕಂಪ್ಯೂಟರ್ ಹುಡುಗನನ್ನು ತನ್ನ ತೀರ್ಮಾನದ ಮೇಲೆಯೇ ಬಿಟ್ಟು ಕಳಿಸುತ್ತಾಳೆ. ನಿಯಮದ ಪ್ರಕಾರ ತಾನು ನಪಾಸಾದೆನೆಂದು ಅವಳಿಗೆ ಗೊತ್ತು. ಡ್ರೆಡ್ ಪಾಸ್ ಎನ್ನುತ್ತಾನೆ. ಆ ಮನುಷ್ಯನಲ್ಲಿ ಚಿತ್ರದುದ್ದಕ್ಕೂ ನಾವು ಕಾಣುವ ಬದಲಾವಣೆ ಅಷ್ಟೇ, ಒಂದು ಪದದಷ್ಟು. ಅದು ಸಾಕು.

ಇಷ್ಟೆಲ್ಲ ಇದ್ದೂ ಚಿತ್ರ ಸೋತಿತು. ಮೂರರಿಂದ ನಾಲ್ಕೂವರೆ ಕೋಟಿ ಡಾಲರ್ ವೆಚ್ಚಕ್ಕೆ ಜಗತ್ತಿನಾದ್ಯಂತ ಬಂದದ್ದು ಸುಮಾರು ನಾಲ್ಕು ಕೋಟಿ. ಥಿಯೇಟರುಗಳ ಪಾಲು ಕಳೆದರೆ ಅದು ನಷ್ಟವೇ. ಸ್ಟಲೋನ್ ಚಿತ್ರದ ಕಹಿ ನೆನಪು, ವಯಸ್ಕರಿಗೆ ಮಾತ್ರ ಎಂಬ ಪ್ರಮಾಣಪತ್ರ, ತ್ರೀಡಿಯ ಮೇಲೆ ಅತಿಯಾಗಿ ಹಾಕಿದ ಭಾರ, ಎಲ್ಲವೂ ಸೇರಿ ಹೊಡೆದವು. ಆಮೇಲೆ ಡಿವಿಡಿ, ಬ್ಲೂ-ರೇ ಬಂದವು. 2013ರ ಜನವರಿಯಲ್ಲಿ ಅಮೆರಿಕದ ಮಾರಾಟ ಪಟ್ಟಿಯಲ್ಲಿ ಅದು ಮೊದಲ ಸ್ಥಾನಕ್ಕೇರಿತು. ಜನ ಮನೆಯಲ್ಲಿ ನೋಡಿ, ಗೆಳೆಯರಿಗೆ ಹೇಳಿ, ಅವರನ್ನು ಕೂರಿಸಿ ಮತ್ತೆ ನೋಡಿದರು. ಎರಡನೆಯ ಭಾಗ ಬೇಕೆಂದು ಸಹಿ ಸಂಗ್ರಹ ನಡೆಯಿತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ‘ಡೇ ಆಫ್ ಡ್ರೆಡ್’ ಎಂದು ಒಂದು ದಿನವನ್ನೇ ಅದಕ್ಕೆ ಮೀಸಲಿಟ್ಟರು. ಕಾಮಿಕ್ಸ್ ಪ್ರಕಟಿಸುವ ರೆಬೆಲಿಯನ್ ಸಂಸ್ಥೆಯೂ ಬೆನ್ನಿಗೆ ನಿಂತು, ಚಿತ್ರದ ಕಥೆಯನ್ನು ಕಾಮಿಕ್ಸ್‌ನಲ್ಲಿ ಮುಂದುವರಿಸಿತು. ಪ್ರಚಾರದ ಅಬ್ಬರದಲ್ಲಿ ಕೈಗೆ ಬಂದ ಚಿತ್ರವನ್ನು ಜನ ನೋಡಿ ಮರೆಯುತ್ತಾರೆ. ಲೋಕ ಕೈಬಿಟ್ಟದ್ದನ್ನು ತಾವೇ ಹುಡುಕಿ ತಂದಿದ್ದೇವೆ ಎಂಬ ಭಾವ ಬಂದರೆ ಮರೆಯುವುದಿಲ್ಲ.

ಅಭಿಮಾನಿಯಾಗಿಯೇ ಒಂದು ಆಕ್ಷೇಪ ಹೇಳಬೇಕು. ಕಾಮಿಕ್ಸ್‌ನ ಡ್ರೆಡ್ ವ್ಯಂಗ್ಯದ ಕೂಸು. ಇಂಥ ಅಧಿಕಾರ ಎಷ್ಟು ಭಯಂಕರ, ಎಷ್ಟು ಹಾಸ್ಯಾಸ್ಪದ ಎಂದು ತೋರಿಸಲು ಹುಟ್ಟಿದವನು. ಚಿತ್ರದಲ್ಲಿ ಆ ವ್ಯಂಗ್ಯ ತೆಳುವಾಗಿದೆ. ದುಡ್ಡಿಗೆ ಮಾರಿಕೊಂಡ ನಾಲ್ವರು ಜಡ್ಜ್‌ಗಳು ಬರುತ್ತಾರೆ ನಿಜ, ಆದರೆ ಅವರನ್ನು ಕೊಂದರೆ ವ್ಯವಸ್ಥೆ ಸರಿಹೋಯಿತು ಎಂಬಷ್ಟು ಅವಸರದಲ್ಲಿ ಆ ಭಾಗ ಮುಗಿಯುತ್ತದೆ. ಬಳಗದಲ್ಲಿ ಕೆಲವರು ಡ್ರೆಡ್‌ನನ್ನು ಆದರ್ಶ ಪೊಲೀಸ್ ಎಂದೇ ಮೆಚ್ಚುತ್ತಾರೆ. ಸ್ಥಳದಲ್ಲೇ ಗುಂಡಿಕ್ಕುವ ನ್ಯಾಯಕ್ಕೆ ಚಪ್ಪಾಳೆ ಬೀಳುವ ದೇಶದಲ್ಲಿ ಕೂತು ಆ ಮೆಚ್ಚುಗೆ ಕೇಳುವಾಗ ನನಗೆ ಕಸಿವಿಸಿಯಾಗುತ್ತದೆ.

ಎರಡನೆಯ ಭಾಗ ಬೇಕು ಎಂದು ನಾನೂ ಹೇಳುವುದು ಈ ಕಾರಣಕ್ಕೇ. ಗಾರ್ಲೆಂಡ್ ಯೋಚಿಸಿದ್ದು ಮೂರು ಚಿತ್ರಗಳನ್ನು. ಎರಡನೆಯದರಲ್ಲಿ ಡ್ರೆಡ್‌ನ ಮತ್ತು ಆ ನಗರದ ಮೂಲ ಕೆದಕುವುದು, ಮೂರನೆಯದಕ್ಕೆ ಕಾಮಿಕ್ಸ್‌ನ ಡಾರ್ಕ್ ಜಡ್ಜ್‌ಗಳನ್ನು ತರುವುದು. ಅವರ ನಾಯಕ ಜಡ್ಜ್ ಡೆತ್. ಅಪರಾಧ ಮಾಡುವವರೆಲ್ಲ ಬದುಕಿರುವವರೇ ಆದ್ದರಿಂದ ಬದುಕೇ ಅಪರಾಧ ಎಂಬುದು ಅವನ ವಾದ. ಕಾನೂನನ್ನು ಎಂದೂ ಪ್ರಶ್ನಿಸದ ಡ್ರೆಡ್ ಎದುರು, ಅದೇ ತರ್ಕವನ್ನು ತುದಿ ಮುಟ್ಟಿಸಿದ ಆ ನ್ಯಾಯಾಧೀಶ ಬಂದು ನಿಲ್ಲಬೇಕಿತ್ತು. ಅದೂ ಹೆಲ್ಮೆಟ್ ತೆಗೆಯದ ಕಾರ್ಲ್ ಅರ್ಬನ್ ಎದುರಿಗೇ.