ಟ್ರಿಮ್ ಎಂಜಿನ್ನಿನದು, ಮೈಲೇಜ್ ಕಾಲಿನದು

ಸ್ಟೀರಿಂಗ್ ಕೆಳಗಿನ ಪೋರ್ಟಿಗೆ ಸಿಕ್ಕಿಸಿ ಮೊಬೈಲಿನಲ್ಲಿ ನೋಡುವ ಸ್ಕ್ಯಾನರ್ ಈಗ ಅಗ್ಗಕ್ಕೆ ಸಿಗುತ್ತದೆ. ಅದರಲ್ಲಿ ‘ಫ್ಯುಯೆಲ್ ಟ್ರಿಮ್’ ಪ್ಲಸ್ ಏಳೆಂಟು ಕಂಡದ್ದೇ ತಡ, ತಾವು ಓಡಿಸುವ ರೀತಿಯೇ ಸರಿಯಿಲ್ಲವೇನೋ ಎಂದು ಕಳವಳಪಡುವವರಿದ್ದಾರೆ. ಆ ಅಂಕಿ ಹೇಳುವುದು ಬೇರೆಯದೇ ವಿಷಯ.

ಒಂದು ಗ್ರಾಂ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಎಂಜಿನ್ನಿನ ಕಂಪ್ಯೂಟರ್ ಆದ ಇಸಿಯು ಒಳಬಂದ ಗಾಳಿಯನ್ನು ಅಳೆದು ಪೆಟ್ರೋಲ್ ಚಿಮ್ಮಿಸುತ್ತದೆ. ಲೆಕ್ಕ ಸರಿಹೋಯಿತೇ ಎಂದು ಹೊಗೆಕೊಳವೆಯ ಆಕ್ಸಿಜನ್ ಸೆನ್ಸರ್ ಹೇಳುತ್ತದೆ. ಆಮೇಲಿನ ಶೇಕಡಾವಾರು ತಿದ್ದುಪಡಿಯೇ ಟ್ರಿಮ್; ಪ್ಲಸ್ ಎಂದರೆ ಪೆಟ್ರೋಲ್ ಹೆಚ್ಚಿಸುತ್ತಿದೆ ಎಂದು. ಅದು ಸದಾ ಹತ್ತು ದಾಟಿ ನಿಂತರೆ ಗಾಳಿ ಸೋರಿಕೆಯನ್ನೋ, ಕಟ್ಟಿಕೊಂಡ ಇಂಜೆಕ್ಟರನ್ನೋ, ಸೊರಗಿದ ಪೆಟ್ರೋಲ್ ಪಂಪನ್ನೋ ಹುಡುಕಬೇಕು. ಎಥೆನಾಲ್ ತನ್ನೊಳಗೇ ಆಮ್ಲಜನಕ ಇಟ್ಟುಕೊಂಡಿರುವುದರಿಂದ, ಹಳೆಯ ಕಾರಿಗೆ ಎಥೆನಾಲ್ ಬೆರೆಸಿದ ಇ20 ಪೆಟ್ರೋಲ್ ಹಾಕಿಸಿದಾಗ ಟ್ರಿಮ್ ತುಸು ಪ್ಲಸ್ ಕಡೆ ಸರಿಯುವುದು ಸಹಜ.

ಹಾಗಾದರೆ ನಮ್ಮ ಕಾಲಿಗೆ ಕೆಲಸವೇ ಇಲ್ಲವೇ? ಚಾರ್ಮಾಡಿ ಏರುವಾಗ ಪಕ್ಕದಲ್ಲಿ ಕೂತವರ ಕೈಗೆ ಮೊಬೈಲ್ ಕೊಡಿ. ಹದವಾಗಿ ಒತ್ತಿದಷ್ಟು ಹೊತ್ತು ಸಾಮಾನ್ಯ ಸೆನ್ಸರಿನ ವೋಲ್ಟೇಜ್ 0.1 ಮತ್ತು 0.9ರ ನಡುವೆ ಬಿಡದೆ ಓಲಾಡುತ್ತದೆ. ಪೆಡಲನ್ನು ತಳಕ್ಕೆ ಒತ್ತಿದರೆ ಓಲಾಟ ನಿಂತು 0.9ರ ಸುತ್ತ ಕೂರುತ್ತದೆ. ಶಕ್ತಿಗಾಗಿ, ಬಿಸಿ ತಗ್ಗಿಸಲು, ಇಸಿಯು ಸೆನ್ಸರಿನ ಮಾತು ಕೇಳುವುದನ್ನು ಬಿಟ್ಟು ಹೆಚ್ಚುವರಿ ಪೆಟ್ರೋಲ್ ಸುರಿಯುತ್ತಿದೆ ಎಂದರ್ಥ. ಹಲವು ಪೆಟ್ರೋಲ್ ಕಾರುಗಳಲ್ಲಿ ಘಾಟಿಯ ಮೈಲೇಜ್ ಸೋರುವುದು ಇಲ್ಲಿಯೇ. ದೊಡ್ಡ ಗೇರಿನಲ್ಲಿದ್ದರೆ ಉಳಿತಾಯ ಎಂಬ ನಂಬಿಕೆ ಸಮತಟ್ಟಿನಲ್ಲಿ ನಿಜ. ಮನೆಮಂದಿಯನ್ನೆಲ್ಲ ತುಂಬಿಕೊಂಡು, ಎಸಿ ಹಾಕಿ, ನಾಲ್ಕನೇ ಗೇರಿನಲ್ಲಿ ಏರು ಹತ್ತುವ ಸಣ್ಣ ಎಂಜಿನ್ನಿಗೆ ಅದು ಹಿಂಸೆ.

ಇಳಿಯುವಾಗಿನ ನ್ಯೂಟ್ರಲ್ ಅಭ್ಯಾಸವಂತೂ ನನಗೆ ಸಹಿಸಲಾಗದ್ದು. ಕಾರ್ಬ್ಯುರೇಟರ್ ಇದ್ದ ಅಂಬಾಸಿಡರ್, ಪದ್ಮಿನಿಗಳ ಕಾಲದ ಬುದ್ಧಿ ಅದು. ಇಂದಿನ ಎಂಜಿನ್ನು ಗೇರಿನಲ್ಲಿದ್ದು, ಕಾಲು ಪೆಡಲಿನಿಂದ ಎದ್ದರೆ ಇಂಜೆಕ್ಟರ್ ಪೂರ್ತಿ ಮುಚ್ಚಿಕೊಳ್ಳುತ್ತದೆ. ವೋಲ್ಟೇಜ್ ಸೊನ್ನೆಯ ಹತ್ತಿರ ಇಳಿಯುತ್ತದೆ. ಚಕ್ರಗಳೇ ಎಂಜಿನ್ನನ್ನು ತಿರುಗಿಸುತ್ತವೆ, ಪೆಟ್ರೋಲ್ ಖರ್ಚು ಸೊನ್ನೆ. ನ್ಯೂಟ್ರಲ್‌ನಲ್ಲಾದರೆ ಎಂಜಿನ್ ಆರದಿರಲೆಂದೇ ಪೆಟ್ರೋಲ್ ಉರಿಯಬೇಕು. ಭಾರವೆಲ್ಲ ಬ್ರೇಕಿನ ಮೇಲೆ ಬಿದ್ದು ಅದು ಕಾಯುತ್ತದೆ. ಆಗುಂಬೆಯ ತಿರುವುಗಳಲ್ಲಿ ಇದು ಜೀವಕ್ಕೇ ಅಪಾಯ.

ಊರೊಳಗೆ ಸೂತ್ರ ಸರಳ: ಮುಂದಿನ ಸಿಗ್ನಲ್ ಕೆಂಪಾದದ್ದು ಕಂಡೊಡನೆ ಗೇರಿನಲ್ಲೇ ಕಾಲು ತೆಗೆಯಿರಿ.

ಸ್ಕ್ಯಾನರ್ ಇದ್ದವರು ಇನ್ನು ಮುಂದೆ ಟ್ರಿಮ್ ಜೊತೆಗೆ, ಇಸಿಯು ಸೆನ್ಸರಿನ ಮಾತು ಕೇಳುತ್ತಿದೆಯೇ (‘ಕ್ಲೋಸ್ಡ್’) ಇಲ್ಲವೇ (‘ಓಪನ್’) ಎಂದು ತೋರಿಸುವ ‘ಲೂಪ್ ಸ್ಟೇಟಸ್’ ಕೂಡ ತೆರೆದಿಡಿ. ಏರಿನಲ್ಲಿ ಅದು ‘ಓಪನ್’ ಆದರೆ ಒಂದು ಗೇರ್ ಇಳಿಸಿ, ಪೆಡಲ್ ಅರ್ಧಕ್ಕೆ ತನ್ನಿ. ವೇಗ ಹೆಚ್ಚೇನೂ ತಗ್ಗದು, ಸ್ಟೇಟಸ್ ಮಾತ್ರ ಮತ್ತೆ ‘ಕ್ಲೋಸ್ಡ್’ ಆಗಿರುತ್ತದೆ.