ಚರಂಡಿ, ಚಿಪ್ಪು, ಗಡಿಗೆ: ನಗಿಸುವ ಪಾಠದ ಬಗ್ಗೆ ಒಂದು ತಕರಾರು

ಇತಿಹಾಸದ ಪಾಠ ಎಂದರೆ ಮಕ್ಕಳು ಆಕಳಿಸುತ್ತಾರೆ, ಆದ್ದರಿಂದ ನಗಿಸಿ ಕಲಿಸಿ ಎಂದು ಮೇಷ್ಟ್ರುಗಳಿಗೆ ಹೇಳಿಕೊಡುತ್ತಾರೆ. ಹಳೆಯ ವಸ್ತುವನ್ನು ಇವತ್ತಿನ ವಸ್ತುವಿನ ಪಕ್ಕ ಇಟ್ಟು ತೋರಿಸಿ ಎನ್ನುತ್ತಾರೆ. ರಾಜನ ತಾಮ್ರಪಟ ಎಂದರೆ ಅಂದಿನ ಪಹಣಿ, ಬೀಸುಕಲ್ಲು ಎಂದರೆ ಅಜ್ಜಿಯ ಮಿಕ್ಸಿ. ಮಕ್ಕಳು ನಗುತ್ತಾರೆ, ಪಾಠ ನೆನಪಿನಲ್ಲಿ ಉಳಿಯುತ್ತದೆ. ಇದಕ್ಕೆ ನಮ್ಮ ತಕರಾರಿಲ್ಲ. ಬೆತ್ತ ಹಿಡಿದು ಇಸವಿಗಳನ್ನು ಉರು ಹೊಡೆಸಿದ ಶಾಲೆಗಳಲ್ಲಿ ಕಲಿತವರು ನಾವು. ನಗುವ ಶಾಲೆಯನ್ನು ಕಂಡರೆ ನಮಗೆ ಹೊಟ್ಟೆಕಿಚ್ಚೇ ಹೊರತು ಸಿಟ್ಟಿಲ್ಲ. ನಮ್ಮ ಪ್ರಶ್ನೆ ಬೇರೆ: ಈ ನಗು ಯಾರ ಪಕ್ಷದ್ದು?

ಮೊಹೆಂಜೊದಾರೊ ಪಾಠವನ್ನೇ ನೋಡೋಣ. 1920ರ ದಶಕದಲ್ಲಿ ಅಗೆದು ತೆಗೆದ, ಸುಮಾರು 4500 ವರ್ಷ ಹಿಂದಿನ ಊರು ಅದು. ಎಷ್ಟೋ ಮನೆಗಳಲ್ಲಿ ಬಚ್ಚಲು, ಬಚ್ಚಲಿನಿಂದ ಬೀದಿಗೆ ಸುಟ್ಟ ಇಟ್ಟಿಗೆಯ ಮುಚ್ಚಿದ ಚರಂಡಿ. "ನೋಡ್ರಪ್ಪಾ, ಆ ಕಾಲಕ್ಕೇ ಅಟ್ಯಾಚ್ಡ್ ಬಾತ್‌ರೂಮು! ನಮ್ಮ ಪಂಚಾಯ್ತಿಯೋರು ಇನ್ನೂ ಅಲ್ಲೀಗಂಟ ಬಂದಿಲ್ಲ" ಎಂದರೆ ತರಗತಿ ಗೊಳ್ಳೆನ್ನುತ್ತದೆ. ಒಳ್ಳೆಯ ಮಾತೇ, ಪಂಚಾಯ್ತಿಗೂ ಒಂದು ಏಟು ಬಿತ್ತು. ಆದರೆ ಹೋಲಿಕೆ ಅಲ್ಲಿಗೇ ನಿಂತುಬಿಡುತ್ತದೆ. ಚರಂಡಿ ಇದ್ದ ಮೇಲೆ ಹೂಳು ಕಟ್ಟಲೇಬೇಕು, ಹೂಳು ಕಟ್ಟಿದ ಮೇಲೆ ಯಾರೋ ಮುಚ್ಚಳ ಎತ್ತಿ ಬಳಿಯಲೇಬೇಕು. ಅವರು ಯಾರು? ಸಿಂಧೂ ಲಿಪಿಯನ್ನು ಎಲ್ಲರೂ ಒಪ್ಪುವಂತೆ ಓದಿದವರು ಇನ್ನೂ ಇಲ್ಲ; ಅಲ್ಲಿ ಜಾತಿ ಇತ್ತೆಂದು ನಾವೂ ಹೇಳಲಾರೆವು. ಆದರೆ ಇವತ್ತಿಗೆ ಹೋಲಿಸುವುದೇ ಆದರೆ ಪೂರ್ತಿ ಹೋಲಿಸಬೇಕು. ಮಲ ಹೊರಿಸುವುದನ್ನು ನಿಷೇಧಿಸಿ 1993ರಲ್ಲಿ ಒಂದು ಕಾನೂನು, 2013ರಲ್ಲಿ ಇನ್ನೊಂದು ಬಂತು. ಮ್ಯಾನ್‌ಹೋಲಿಗೆ ಇಳಿದು ಉಸಿರುಗಟ್ಟಿ ಸತ್ತವರ ಸುದ್ದಿ ಮಾತ್ರ ನಿಂತಿಲ್ಲ. ಚರಂಡಿ ಬಳಿಯುವವರು ಯಾರೆಂದು ಪೌರಕಾರ್ಮಿಕರ ಮಗುವಿಗೆ ಗೊತ್ತಿದೆ. ಮೇಷ್ಟ್ರು ಅದನ್ನು ಕೇಳುವುದಿಲ್ಲ.

ಒಂದು ಶಾಲೆಯಲ್ಲಿ ಹಳೆಯ ವಸ್ತುಗಳ ಪ್ರದರ್ಶನ ಇಟ್ಟಿದ್ದರು. ಮೇಜಿನ ಮೇಲೆ ಒಂದು ತೆಂಗಿನ ಚಿಪ್ಪು, ಅದರ ಕೆಳಗೆ ಚೀಟಿ: 'ತಾತನ ಕಾಲದ ಪೇಪರ್ ಕಪ್'. ನೋಡಿದವರೆಲ್ಲ ನಕ್ಕರು. ನಮಗೆ ನಗು ಬರಲಿಲ್ಲ. ಹೋಟೆಲಿನ ಹೊರಗೆ ನಿಂತು, ಮೇಲಿಂದ ಹುಯ್ದ ಟೀಯನ್ನು ಚಿಪ್ಪಿನಲ್ಲಿ ಹಿಡಿದು ಕುಡಿದವರ ಮಕ್ಕಳು ನಾವು. ಪೇಪರ್ ಕಪ್ಪಿನಲ್ಲಿ ಯಾರು ಬೇಕಾದರೂ ಕುಡಿದು ಎಸೆಯುತ್ತಾರೆ. ಚಿಪ್ಪಿನಲ್ಲಿ ಕುಡಿದವನು ತಾನೇ ತೊಳೆದು ಗೋಡೆ ಸಂದಿಗೆ ಸಿಕ್ಕಿಸಿ ಹೋಗಬೇಕಿತ್ತು. ಚೀಟಿ ಬರೆದವರು ಕೆಟ್ಟವರಲ್ಲ. ಅವರಿಗೆ ಗೊತ್ತಿರಲಿಲ್ಲ, ಅಷ್ಟೆ. ಅವರಿಗೆ ಗೊತ್ತಿಲ್ಲದ್ದು ಮಕ್ಕಳ ಪಾಲಿಗೆ ನಡೆಯದೇ ಇದ್ದದ್ದಾಯಿತು.

ಹಾಗಾದರೆ ನಗಬಾರದೆ? ನಗಬೇಕು. ಮಹಾಡದ ಗಡಿಗೆಗಳನ್ನು ತೆಗೆದುಕೊಳ್ಳಿ. ಸಾರ್ವಜನಿಕ ಕೆರೆ ಬಾವಿಗಳು ಅಸ್ಪೃಶ್ಯರಿಗೂ ತೆರೆದಿರಬೇಕೆಂದು 1923ರಲ್ಲಿ ಮುಂಬಯಿ ಶಾಸನಸಭೆ ಗೊತ್ತುವಳಿ ಮಾಡಿತು. 1927ರ ಮಾರ್ಚ್ 20ರಂದು ಅಂಬೇಡ್ಕರ್ ಸಾವಿರಾರು ಜನರೊಡನೆ ನಡೆದುಹೋಗಿ ಚವದಾರ್ ಕೆರೆಯ ನೀರು ಕುಡಿದರು. ಅವತ್ತೇ ನಮ್ಮವರ ಮೇಲೆ ದೊಣ್ಣೆ ಬಿದ್ದವು. ಆಮೇಲೆ ಮೇಲ್ಜಾತಿಯವರು 108 ಮಣ್ಣಿನ ಗಡಿಗೆಗಳಲ್ಲಿ ಸಗಣಿ, ಗಂಜಲ, ಹಾಲು, ಮೊಸರು ಬಳಸಿ, ಮಂತ್ರ ಹೇಳಿ ಕೆರೆಯನ್ನು 'ಶುದ್ಧಿ' ಮಾಡಿದರು. ಕೆರೆಯ ಹಕ್ಕಿನ ಮೊಕದ್ದಮೆ ಮುಗಿದು ಹೈಕೋರ್ಟು ಅಸ್ಪೃಶ್ಯರ ಪರ ತೀರ್ಪು ಕೊಟ್ಟದ್ದು 1937ರ ಮಾರ್ಚ್ 17ಕ್ಕೆ. ನೀರು ಕುಡಿದು ಹೆಚ್ಚುಕಡಿಮೆ 10 ವರ್ಷ.

ಈಗ ಮೇಷ್ಟ್ರು ಮೇಜಿನ ಮೇಲೆ ಒಂದು ಗಡಿಗೆ ಇಡಲಿ, ಪಕ್ಕದಲ್ಲಿ ವಾಟರ್ ಫಿಲ್ಟರ್ ಇಡಲಿ. "ಇದು ಆ ಊರಿನ ಫಿಲ್ಟರು ಕಣ್ರೋ. ನಮ್ಮ ಫಿಲ್ಟರು ನೀರಿನಾಗಿನ ಕೊಳೆ ತೆಗೀತದೆ. ಅದು ನೀರಿಗೆ ಸಗಣಿ ಹಾಕಿ ಮನುಷ್ಯರನ್ನ ತೆಗೀತದೆ" ಎನ್ನಲಿ. ಮಕ್ಕಳು ಖಂಡಿತ ನಗುತ್ತಾರೆ. ನಕ್ಕು ಸುಮ್ಮನಾದ ಮೇಲೆ ಒಬ್ಬಳಾದರೂ ಕೇಳುತ್ತಾಳೆ: "ಸಾ, ಸಗಣಿ ಹಾಕಿದ ನೀರು ಕುಡೀಬೌದು, ನಾವು ಮುಟ್ಟಿದ್ದು ಕುಡೀಬಾರ್ದಾ?" ಪಾಠ ಶುರುವಾಗುವುದೇ ಅಲ್ಲಿಂದ. ಹೋಲಿಕೆ ಇಲ್ಲಿ ಏನನ್ನೂ ಮುಚ್ಚಲಿಲ್ಲ. ನಗು ಏಟು ತಿಂದವರ ಮೇಲೆ ಬೀಳಲಿಲ್ಲ, ಮಡಿಯ ಮೇಲೆ ಬಿತ್ತು.

ಹಳ್ಳಿಯ ಮೇಷ್ಟ್ರುಗಳಲ್ಲಿ ನಮ್ಮ ವಿನಂತಿ ಇಷ್ಟೇ. ಯಾವ ಹೋಲಿಕೆಯನ್ನು ಹೇಳುವ ಮುಂಚೆಯೂ ಕೇಳಿಕೊಳ್ಳಿ: ಈ ವಸ್ತುವಿಗೆ ದುಡಿದ ಕೈ ಯಾವುದು, ಇದನ್ನು ಮುಟ್ಟಬಾರದೆಂದು ತಡೆದದ್ದು ಯಾರ ಕೈಯನ್ನು? ತಾಮ್ರಪಟವನ್ನು ಪಹಣಿ ಎನ್ನಿ, ತಪ್ಪಿಲ್ಲ. ಆದರೆ ದಾನ ಪಡೆದವರ ಗೋತ್ರದವರೆಗೂ ಕೊರೆದಿರುವ ಪಟದಲ್ಲಿ ಆ ಹೊಲ ಉತ್ತವರ ಹೆಸರು ಎಲ್ಲಿದೆ ಎಂದು ಮಕ್ಕಳಿಂದಲೇ ಹುಡುಕಿಸಿ. ಬೀಸುಕಲ್ಲನ್ನು ಮಿಕ್ಸಿ ಎನ್ನಿ. ಆದರೆ ಕೋಳಿ ಕೂಗುವ ಮುಂಚೆ ಎದ್ದು ಬೀಸಿದ ಒಬ್ಬ ಅಜ್ಜಿಯನ್ನು ಶಾಲೆಗೆ ಕರೆಸಿ ಮಾತಾಡಿಸಿ. ಆಕೆ ನಮ್ಮೆಲ್ಲರಿಗಿಂತ ಚೆನ್ನಾಗಿ ನಗಿಸುತ್ತಾಳೆ.

ಆ ಪ್ರದರ್ಶನದ ಚೀಟಿಯನ್ನು ನಾವು ಹರಿಯಲಿಲ್ಲ. ಮೇಷ್ಟ್ರನ್ನು ಕೇಳಿ ಅದರ ಕೆಳಗೆ ಒಂದು ಸಾಲು ಸೇರಿಸಿ ಬಂದೆವು: 'ಕುಡಿದವರೇ ತೊಳೆದಿಡಬೇಕಾಗಿತ್ತು.' ಯಾಕೆ ಎಂದು ಒಂದು ಮಗು ಕೇಳಿದ್ದರೂ ಸಾಕು.